ಸ್ಟೀಕ್ ಎಂಬ ಟಾಂಕಾ

ನಮ್ಮ ಮನೆಯಲ್ಲಿ ಮಾತು ಉರ್ದು, ಅದೂ ದಖನಿ ಉರ್ದು. ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ. ಸಿಟಿ ಬಸ್ಸಿನಲ್ಲಿ ಸೀಟಿಗಾಗಿ ಜಗಳ ಕನ್ನಡದಲ್ಲಿ. ನಮ್ಮ ಕಾಲೇಜಿನ ಬಹಳಷ್ಟು ಜನರ ಕಥೆ ಇದೇ ಆಗಿರುವುದರಿಂದ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹೀಗೆ ಬೆಳೆದವರಿಗೆ ಒಂದು ಅಭ್ಯಾಸ ತಾನಾಗಿಯೇ ಬರುತ್ತದೆ. ಕಣ್ಣೆದುರಿನ ಒಂದೇ ವಸ್ತುವಿಗೆ ತಲೆಯೊಳಗೆ ಮೂರು ಹೆಸರು ಓಡುತ್ತವೆ. ಸೂಜಿ ಕಂಡರೆ ಸೂಜಿ, ಸುಯೀ, ನೀಡಲ್. ಹೊಲಿಗೆ ಕಂಡರೆ ಹೊಲಿಗೆ, ಟಾಂಕಾ, ಸ್ಟಿಚ್. ಈ ವರ್ಷ ನನ್ನ ತಲೆಯ ಆ ಸಾಲಿಗೆ ನಾಲ್ಕನೆಯದೊಂದು ಬಂದು ಸೇರಿತು: ಸ್ಟೀಕ್. ನಾನು ಎಂದೂ ನೋಡದ ಸ್ಕಾಟ್ಲೆಂಡ್ ದೇಶದ ಪದ ಅದು.

ಅದು ಸಿಕ್ಕಿದ್ದು ಹೀಗೆ. ನಮ್ಮ ಇಂಗ್ಲಿಷ್ ಮೇಡಂ ಬೋರ್ಡಿನ ಮೇಲೆ 'ಎ ಸ್ಟಿಚ್ ಇನ್ ಟೈಮ್ ಸೇವ್ಸ್ ನೈನ್' ಎಂದು ಬರೆದು, ಇದರಲ್ಲಿ ಒಂದೊಂದು ಪದವನ್ನು ಒಬ್ಬೊಬ್ಬರು ಆರಿಸಿಕೊಂಡು ಅದರ ಚರಿತ್ರೆ ತನ್ನಿ ಎಂದರು. ಟೈಮ್ ಮತ್ತು ನೈನ್ ಮುಂದಿನ ಬೆಂಚಿನವರ ಪಾಲಾದವು. ಸ್ಟಿಚ್ ನನಗೆ ಉಳಿಯಿತು. ಬೆಳಗಿನಿಂದ ರಾತ್ರಿಯವರೆಗೆ ಹೊಲಿಗೆ ಮಷೀನು ಓಡುವ ಮನೆಯವಳಾದ್ದರಿಂದ ನನಗೆ ಬೇಸರವೇನೂ ಆಗಲಿಲ್ಲ. ಲೈಬ್ರರಿಯ ದಪ್ಪ ನಿಘಂಟಿನಲ್ಲಿ ಸ್ಟಿಚ್ ಹುಡುಕುತ್ತಾ ಪುಟ ತಿರುವುವಾಗ, ಅದಕ್ಕೆ ಸ್ವಲ್ಪ ಮೊದಲೇ ಸ್ಟೀಕ್ ಎಂಬ ಪದ ಇತ್ತು. ಅರ್ಥ: ಹೊಲಿಗೆ, ಹೊಲಿ. ಜೊತೆಗೆ 'ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡ್' ಎಂಬ ಚಿಕ್ಕ ಟಿಪ್ಪಣಿ. ಮೇಡಂಗೆ ತೋರಿಸಿದೆ. ಅವರು ಮರುದಿನ ಸ್ಕಾಟಿಷ್ ನ್ಯಾಷನಲ್ ಡಿಕ್ಷನರಿಯ ನಾಲ್ಕು ಪುಟಗಳ ಪ್ರಿಂಟ್ ತಂದುಕೊಟ್ಟರು. ಆ ನಿಘಂಟು 1931ರಿಂದ 1976ರವರೆಗೆ 10 ಸಂಪುಟಗಳಲ್ಲಿ ಬಂದದ್ದು. ಒಂದು ಭಾಷೆಯ ಪದಗಳನ್ನು ಕಟ್ಟಿಡಲು 45 ವರ್ಷ! ನಮ್ಮ ಅಕೌಂಟೆನ್ಸಿ ರೆಕಾರ್ಡ್ ಬುಕ್ ಮುಗಿಸಲು ನಾವು ಎಷ್ಟು ಗೋಳಾಡುತ್ತೇವೆ ಎಂಬುದು ನೆನಪಾಯಿತು.

ಮೊದಲು ಒಂದು ಮಾತು ಸ್ಪಷ್ಟಪಡಿಸಬೇಕು. ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷ್ ಅಲ್ಲದೆ ಎರಡು ಹಳೆಯ ಭಾಷೆಗಳಿವೆ. ಒಂದು ಗೇಲಿಕ್, ಅದು ಬೇರೆಯದೇ ಮನೆತನದ್ದು. ಇನ್ನೊಂದು ಸ್ಕಾಟ್ಸ್, ಅದು ಇಂಗ್ಲಿಷಿನ ತಂಗಿ. ಹಳೆಯ ಇಂಗ್ಲಿಷಿನ ಉತ್ತರದ ಕವಲಿನಿಂದ ಬೆಳೆದದ್ದು. ಸ್ಟೀಕ್ ಈ ತಂಗಿಯ ಪದ. ಅಕ್ಕನ ಸ್ಟಿಚ್, ತಂಗಿಯ ಸ್ಟೀಕ್ ಎರಡೂ ಒಂದೇ ತಾಯಿಯ ಮಕ್ಕಳು. ಹಳೆಯ ಇಂಗ್ಲಿಷಿನಲ್ಲಿ ಚುಚ್ಚುವಿಕೆ, ಇರಿತ ಎಂಬ ಅರ್ಥದ ಪದದಿಂದ ಇವೆರಡೂ ಹುಟ್ಟಿವೆ. ಓಡಿ ಓಡಿ ಪಕ್ಕೆಯಲ್ಲಿ ಚುಚ್ಚಿದಂತೆ ನೋವು ಬಂದರೆ ಇಂಗ್ಲಿಷಿನಲ್ಲಿ ಇವತ್ತಿಗೂ ಸ್ಟಿಚ್ ಎನ್ನುತ್ತಾರಲ್ಲ, ಅದು ಆ ಹಳೆಯ ಅರ್ಥದ ಉಳಿಕೆ. ಮೊದಲು ಚುಚ್ಚುವುದು, ಆಮೇಲೆ ಸೂಜಿಯಿಂದ ಚುಚ್ಚುವುದು, ಆಮೇಲೆ ಸೂಜಿ ಬಿಟ್ಟುಹೋದ ದಾರದ ಗುರುತು.

ಹಾಗಾದರೆ ಅಕ್ಕನ ಬಾಯಲ್ಲಿ 'ಚ', ತಂಗಿಯ ಬಾಯಲ್ಲಿ 'ಕ' ಯಾಕೆ? ಇದು ಒಂದೇ ಪದದ ಕಥೆಯಲ್ಲ. ಇಂಗ್ಲಿಷಿನ ಚರ್ಚ್ ಸ್ಕಾಟ್ಸ್‌ನಲ್ಲಿ ಕಿರ್ಕ್. ಬರ್ಚ್ ಮರ ಅಲ್ಲಿ ಬಿರ್ಕ್. ಹುಲ್ಲು ಹೊದಿಸಿದ ಸೂರಿಗೆ ಇಲ್ಲಿ ಥ್ಯಾಚ್, ಅಲ್ಲಿ ಥ್ಯಾಕ್. ಚಡ್ಡಿಗೆ ಇಲ್ಲಿ ಬ್ರೀಚಸ್, ಅಲ್ಲಿ ಬ್ರೀಕ್ಸ್. ದಕ್ಷಿಣದ ಇಂಗ್ಲಿಷಿನಲ್ಲಿ 'ಕ' ಮೆತ್ತಗಾಗಿ 'ಚ' ಆಯಿತು, ಉತ್ತರದವರು 'ಕ'ವನ್ನು ಬಿಡಲಿಲ್ಲ. ಉತ್ತರಕ್ಕೆ ಬಂದು ನೆಲೆಸಿದ ವೈಕಿಂಗರ ಭಾಷೆಯೂ 'ಕ'ವನ್ನೇ ಹಿಡಿದುಕೊಂಡಿತ್ತು ಎಂಬುದು ಅದಕ್ಕೆ ಒಂದು ಕಾರಣ.

ಇದನ್ನು ಕ್ಲಾಸಿನಲ್ಲಿ ಹೇಳಿದಾಗ ನಮ್ಮ ಕನ್ನಡ ಸರ್‌ಗೂ ಸುದ್ದಿ ಮುಟ್ಟಿತು. ಅವರು ನನ್ನನ್ನು ಸ್ಟಾಫ್ ರೂಮಿಗೆ ಕರೆದು, "ಇಷ್ಟು ದೂರ ಯಾಕಮ್ಮ ಹೋಗ್ತೀಯಾ, ನಿನ್ನ ಕಿವಿಯನ್ನೇ ಮುಟ್ಟಿ ನೋಡು" ಎಂದರು. ಕನ್ನಡದಲ್ಲಿ ಕಿವಿ. ತೆಲುಗಿನಲ್ಲಿ ಚೆವಿ, ತಮಿಳಿನಲ್ಲೂ ಚೆವಿ. ಕನ್ನಡದ ಕೆರೆ ತೆಲುಗಿನಲ್ಲಿ ಚೆರುವು. ಕನ್ನಡದ ಕೈ ತೆಲುಗಿನಲ್ಲಿ ಚೆಯ್ಯಿ. ಅಕ್ಕಪಕ್ಕದವರು 'ಚ' ಎಂದಾಗ ಕನ್ನಡ 'ಕ'ವನ್ನೇ ಉಳಿಸಿಕೊಂಡಿತು, ಥೇಟ್ ಸ್ಕಾಟ್ಸ್ ಮಾಡಿದ ಹಾಗೆ. ಎರಡು ಭಾಷೆಗೂ ನಂಟಿಲ್ಲ, ಒಬ್ಬರನ್ನೊಬ್ಬರು ಕೇಳಿ ಮಾಡಿದ್ದಲ್ಲ. ಇ, ಎ ಸ್ವರಗಳ ಮುಂದೆ 'ಕ' ಬಂದರೆ ನಾಲಿಗೆ 'ಚ' ಕಡೆಗೆ ಜಾರುವುದು ಎಲ್ಲ ಕಡೆ ಆಗುವ ಸಂಗತಿಯಂತೆ. ಜಾರದೆ ನಿಂತವರೂ ಎಲ್ಲ ಕಡೆ ಇದ್ದಾರೆ. ನಮ್ಮ ದಾವಣಗೆರೆಯ ಹೆಸರಿನ ಕೊನೆಯಲ್ಲೇ ಅಂಥ ಒಂದು ಕೆರೆ ಇದೆ. ತೆಲುಗು ಮನೆಮಾತಿನ ನನ್ನ ಗೆಳತಿಗೆ ಇದನ್ನು ಹೇಳಿ ಎರಡು ದಿನ ಜಂಬ ಕೊಚ್ಚಿಕೊಂಡೆ. ಉರ್ದು ಮನೆಯವಳು ಕನ್ನಡದ ಪರವಾಗಿ ತೆಲುಗಿನವಳ ಎದುರು ಜಂಬ ಕೊಚ್ಚಿದ್ದು ಅವಳಿಗೆ ಇನ್ನೂ ನಗು ತರಿಸುತ್ತದೆ.

ಸ್ಟೀಕ್‌ನ ಬೇರು ಇನ್ನೂ ಕೆಳಗಿದೆ. ಚೂಪು, ಚುಚ್ಚು ಎಂಬ ಅರ್ಥದ ಬಹಳ ಹಳೆಯ ಬೇರು ಅದು. ಇಂಗ್ಲಿಷಿನ ಸ್ಟಿಕ್, ಸ್ಟಿಚ್ ಅಲ್ಲಿಂದ ಬಂದವು. ಗ್ರೀಕಿನ ಸ್ಟಿಗ್ಮಾ, ಅಂದರೆ ಚುಚ್ಚಿ ಮಾಡಿದ ಗುರುತು, ಅಲ್ಲಿಂದ ಬಂತು. ಸುತ್ತಿ ಬಳಸಿ ಫ್ರೆಂಚ್ ಮೂಲಕ ಬಂದ ಟಿಕೆಟ್ ಕೂಡ ಅದೇ ಮನೆಯದು. ಮೊದಲು ಅದು ಗೋಡೆಗೆ ಚುಚ್ಚಿ ಅಂಟಿಸುವ ಚೀಟಿ. ಅದೇ ಬೇರಿನ ಮೊದಲಿನ 'ಸ್' ಉದುರಿಹೋಗಿ ಸಂಸ್ಕೃತದಲ್ಲಿ ತೀಕ್ಷ್ಣ, ತೇಜಸ್ ಆಯಿತು. ಫಾರ್ಸಿಯಲ್ಲಿ ತೇಜ್ ಆಯಿತು. ನಮ್ಮ ದಾದಿ ದಿನಕ್ಕೆ ಹತ್ತು ಸಲ ಹೇಳುವ ಪದ ಈ ತೇಜ್. ಚಾಕು ತೇಜ್, ಖಾರ ತೇಜ್, ಪಕ್ಕದ ಮನೆಯ ಸೊಸೆಯ ನಾಲಿಗೆ ತೇಜ್. ಸ್ಕಾಟ್ಲೆಂಡಿನ ಯಾವುದೋ ಹಳ್ಳಿಯ ಅಜ್ಜಿಯ ಸೂಜಿಯ ಸ್ಟೀಕ್ ಮತ್ತು ನಮ್ಮ ದಾದಿಯ ತೇಜ್ ದೂರದ ಸಂಬಂಧಿಗಳು ಎಂದು ದಾದಿಗೆ ಹೇಳಿದೆ. "ನಿಕಾಹ್‌ಗೆ ಕರೀತಾರಾ?" ಎಂದು ಕೇಳಿದರು.

ಹೊಲಿಗೆಯ ಪದಗಳಿಗೆ ಹೀಗೆ ದೇಶದಿಂದ ದೇಶಕ್ಕೆ ಓಡಾಡುವ ಗುಣ ಇದೆ ಅನಿಸುತ್ತದೆ. ಉರ್ದುವಿನ ಸೀನಾ, ಇಂಗ್ಲಿಷಿನ ಸೋ, ಸ್ಕಾಟ್ಸ್‌ನ ಶೂ ಮೂರೂ ಹೊಲಿ ಎಂಬ ಕ್ರಿಯೆಯೇ, ಮೂರೂ ಒಂದೇ ಬೇರಿನವು. ಚಪ್ಪಲಿ ಹೊಲಿಯುವವರಿಗೆ ಸ್ಕಾಟ್ಸ್‌ನಲ್ಲಿ ಸೂಟರ್ ಎನ್ನುತ್ತಾರೆ, ಅದು ಲ್ಯಾಟಿನ್‌ನಿಂದ ಬಂದರೂ ಅದೇ ಬೇರಿನದು. ನಮ್ಮ ಕನ್ನಡದ ಹೊಲಿ ಮಾತ್ರ ಈ ಕುಟುಂಬಕ್ಕೆ ಸೇರಿದ್ದಲ್ಲ. ಅದು ಹಳಗನ್ನಡದ ಪೊಲಿ, ಸ್ವಂತ ಮಣ್ಣಿನದು. ದರ್ಜಿ ಫಾರ್ಸಿಯ ದರ್ಜ್ ಎಂಬ ಪದದಿಂದ ಬಂತು. ದರ್ಜ್ ಎಂದರೆ ಎರಡು ಬಟ್ಟೆ ಕೂಡುವ ಸಂದಿ. ಇಂಗ್ಲಿಷಿನ ಟೈಲರ್ ಎಂದರೆ ಮೂಲದಲ್ಲಿ ಕತ್ತರಿಸುವವನು. ಒಬ್ಬರು ಕೂಡಿಸುವುದನ್ನು ನೋಡಿ ಹೆಸರಿಟ್ಟರು, ಇನ್ನೊಬ್ಬರು ಕತ್ತರಿಯನ್ನು ನೋಡಿ. ಅಂಗಿಯ ಗುಂಡಿ ತೂರುವ ಕಾಜಾ ಪೋರ್ಚುಗೀಸರದ್ದು, ಅವರ ಭಾಷೆಯಲ್ಲಿ ಅದಕ್ಕೆ ಮನೆ ಎಂದರ್ಥ. ಗುಂಡಿಗೆ ಒಂದು ಮನೆ! ಇದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು.

ಈಗ ಸ್ಟೀಕ್‌ನ ಇನ್ನೊಂದು ಮುಖ. ಸ್ಕಾಟ್ಸ್‌ನಲ್ಲಿ ಇದೇ ಸದ್ದಿನ ಇನ್ನೊಂದು ಪದ ಇದೆ, ಅದರ ಅರ್ಥ ಮುಚ್ಚು. ಬಾಗಿಲನ್ನು ಸ್ಟೀಕ್ ಮಾಡು, ಕಣ್ಣನ್ನು ಸ್ಟೀಕ್ ಮಾಡು, ಬಾಯಿಯನ್ನು ಸ್ಟೀಕ್ ಮಾಡು. ನಿಘಂಟು ಇವನ್ನು ಎರಡು ಪದಗಳಾಗಿಯೇ ಬೇರೆ ಬೇರೆ ಬರೆಯುತ್ತದೆ, ಆದರೆ ಎರಡೂ ಒಂದೇ ಕುಲದವು. ಹಳೆಯ ಕಾಲದಲ್ಲಿ ಬಾಗಿಲು ಮುಚ್ಚುವುದೆಂದರೆ ಅಗಳಿಯನ್ನು ಒಳಗೆ ಚುಚ್ಚಿ ಬಿಗಿ ಮಾಡುವುದೇ ತಾನೇ? ಇದನ್ನು ಓದುವಾಗ ನನಗೆ ಉರ್ದುವಿನ ಮಾತು ನೆನಪಾಯಿತು. ಸುಮ್ಮನಿರು ಎನ್ನಲು ನಮ್ಮ ಮನೆಯಲ್ಲಿ "ಮೂಂ ಸೀಕೊ ಬೈಠ್" ಎನ್ನುತ್ತಾರೆ, ಬಾಯಿ ಹೊಲಿದುಕೊಂಡು ಕೂರು. ಕನ್ನಡದಲ್ಲೂ ಮಾತಾಡದವರನ್ನು "ಬಾಯಿ ಹೊಲ್ಕೊಂಡಿದ್ಯಾ?" ಎಂದು ಬಯ್ಯುತ್ತಾರೆ. ಸ್ಕಾಟ್ಸ್ ಎರಡು ಪದದಲ್ಲಿ ಇಟ್ಟದ್ದನ್ನು ನಾವು ಒಂದು ಗಾದೆಯ ಹಾಗೆ ಸೇರಿಸಿ ಹೊಲಿದಿದ್ದೇವೆ.

ಸ್ಕಾಟ್ಸ್ ಮಾತಾಡುವವರ ಬಾಯಿಯನ್ನೂ ಬಹಳ ಕಾಲ ಹೊಲಿದೇ ಇಡಲಾಗಿತ್ತು. ಅದು ಭಾಷೆಯೇ ಅಲ್ಲ, ಕೆಟ್ಟ ಇಂಗ್ಲಿಷ್ ಎಂದು ಶಾಲೆಗಳಲ್ಲಿ ಮಕ್ಕಳನ್ನು ತಿದ್ದುತ್ತಿದ್ದರು. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ದಖನಿಯನ್ನು ಕೇಳಿ ನಗುವವರು ಎರಡೂ ಕಡೆ ಇದ್ದಾರೆ. ಉತ್ತರದ ಉರ್ದು ಬಲ್ಲವರು "ಇದೆಂಥ ಉರ್ದು" ಎನ್ನುತ್ತಾರೆ. ನಾವು "ನಹೀಂ" ಎನ್ನುವ ಕಡೆ "ನಕ್ಕೊ" ಎಂದರೆ ಸಿನಿಮಾದ ಹಾಸ್ಯ ಪಾತ್ರ ನೆನಪಾಗುತ್ತದಂತೆ. ಆದರೆ ವಿಜಯಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹ್ ಕಿತಾಬ್-ಎ-ನೌರಸ್ ಎಂಬ ಹಾಡುಗಳ ಪುಸ್ತಕ ಬರೆದದ್ದು ಇದೇ ದಖನಿಯಲ್ಲಿ, 400 ವರ್ಷಗಳ ಹಿಂದೆ. ಸ್ಕಾಟ್ಸ್‌ಗೂ ರಾಬರ್ಟ್ ಬರ್ನ್ಸ್‌ನಂಥ ಕವಿ ಇದ್ದ. ಕವಿ ಇದ್ದರೂ ಶಾಲೆಯ ಬೆತ್ತ ತಪ್ಪಲಿಲ್ಲ. 2011ರಲ್ಲಿ ಮೊದಲ ಬಾರಿಗೆ ಸ್ಕಾಟ್ಲೆಂಡಿನ ಜನಗಣತಿಯಲ್ಲಿ ನಿಮಗೆ ಸ್ಕಾಟ್ಸ್ ಬರುತ್ತದೆಯೇ ಎಂದು ಕೇಳಿದರು. 15 ಲಕ್ಷಕ್ಕೂ ಹೆಚ್ಚು ಜನ ಮಾತಾಡುತ್ತೇವೆ ಎಂದರು. 2025ರಲ್ಲಿ ಅಲ್ಲಿನ ಸಂಸತ್ತು ಗೇಲಿಕ್ ಜೊತೆ ಸ್ಕಾಟ್ಸ್‌ಗೂ ಅಧಿಕೃತ ಸ್ಥಾನ ಕೊಡುವ ಕಾನೂನು ಮಾಡಿತು.

ನಾನು ಹೆಚ್ಚು ಹೊತ್ತು ಓದಿದ್ದು ಮಾತ್ರ ಶೆಟ್ಲೆಂಡ್ ದ್ವೀಪಗಳ ಬಗ್ಗೆ. ಯಾಕೆಂದರೆ ಸ್ಟೀಕ್ ಎಂಬ ಪದ ಇವತ್ತು ಲೋಕದ ಬೇರೆ ಕಡೆಯವರಿಗೂ ಗೊತ್ತಿರುವುದು ಅಲ್ಲಿನ ಸ್ವೆಟರ್ ಹೆಣಿಗೆಯಿಂದ. ಸ್ಕಾಟ್ಲೆಂಡಿನ ಉತ್ತರದ ತುದಿಯಾಚೆ, ಸಮುದ್ರದ ನಡುವೆ ಇರುವ ದ್ವೀಪಗಳು ಅವು. ಕಾಮರ್ಸ್‌ನವರಿಗೆ ಅವುಗಳ ಚರಿತ್ರೆಯಲ್ಲಿ ಒಂದು ತಮಾಷೆ ಇದೆ. ಮೊದಲು ಅವು ಡೆನ್ಮಾರ್ಕ್ ಮತ್ತು ನಾರ್ವೆಯ ದೊರೆ ಒಂದನೆಯ ಕ್ರಿಶ್ಚಿಯನ್‌ನವು. ಆತ ತನ್ನ ಮಗಳು ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿನ ದೊರೆ ಮೂರನೆಯ ಜೇಮ್ಸ್‌ಗೆ ಕೊಟ್ಟ. ವರದಕ್ಷಿಣೆಗೆ ಹಣ ಸಾಲಲಿಲ್ಲ. 1468ರಲ್ಲಿ ಆರ್ಕ್ನಿ ದ್ವೀಪಗಳನ್ನು ಅಡವಿಟ್ಟ. ಆಗಲೂ ಸಾಲಲಿಲ್ಲ, 1469ರಲ್ಲಿ 8,000 ಫ್ಲೋರಿನ್‌ಗೆ ಶೆಟ್ಲೆಂಡನ್ನೂ ಅಡವಿಟ್ಟ. ಅಡಮಾನ ಬಿಡಿಸಿಕೊಳ್ಳಲೇ ಇಲ್ಲ. ಮಗಳ ಮದುವೆಗೆ ಮನೆಪತ್ರ ಬ್ಯಾಂಕಿನಲ್ಲಿಟ್ಟ ಎಷ್ಟೋ ಅಬ್ಬಾಗಳು ನಮ್ಮ ಮೊಹಲ್ಲಾದಲ್ಲೂ ಇದ್ದಾರೆ. ಆದರೆ ದ್ವೀಪ ಇಟ್ಟವರಿಲ್ಲ.

ಆ ಶೆಟ್ಲೆಂಡಿನ ಸಾಲಿಗೇ ಸೇರಿದ ಫೇರ್ ಐಲ್ ಎಂಬ ಪುಟ್ಟ ದ್ವೀಪದ ಬಣ್ಣಬಣ್ಣದ ಸ್ವೆಟರ್ ಹೆಸರುವಾಸಿ. 1920ರ ದಶಕದಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ಎಂಟನೆಯ ಎಡ್ವರ್ಡ್ ಆದವನು, ಅದನ್ನು ಗಾಲ್ಫ್ ಆಟಕ್ಕೆ ತೊಟ್ಟ ಮೇಲೆ ಎಲ್ಲರಿಗೂ ಅದು ಬೇಕಾಯಿತು. ಒಂದು ಸಾಲಿನಲ್ಲಿ ಎರಡೇ ಬಣ್ಣದ ಉಣ್ಣೆ, ಆದರೆ ಸಾಲಿನಿಂದ ಸಾಲಿಗೆ ಬಣ್ಣ ಬದಲಾಗುತ್ತದೆ. ಅದನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಹೆಣೆದರೆ ವಿನ್ಯಾಸ ನೋಡಿಕೊಳ್ಳುವುದು ಕಷ್ಟ. ಆದ್ದರಿಂದ ಹೆಂಗಸರು ಇಡೀ ಸ್ವೆಟರನ್ನು ಕೊಳವೆಯ ಹಾಗೆ ಸುತ್ತ ಸುತ್ತ ಹೆಣೆಯುತ್ತಾರೆ. ಮುಂಭಾಗ ತೆರೆಯಬೇಕಾದ ಕಡೆ, ತೋಳು ಕೂಡಿಸುವ ಕಡೆ, ಎಂಟು ಹತ್ತು ಹೆಚ್ಚುವರಿ ಕಣ್ಣುಗಳನ್ನು ಸೇರಿಸಿ ಒಂದು ಪಟ್ಟಿ ಬಿಡುತ್ತಾರೆ. ಕೊನೆಯಲ್ಲಿ ಆ ಪಟ್ಟಿಯ ನಡುವೆ ಕತ್ತರಿ ಹಾಕಿ ಕತ್ತರಿಸುತ್ತಾರೆ! ಆ ಪಟ್ಟಿಗೇ ಸ್ಟೀಕ್ ಎಂದು ಹೆಸರು.

ತಿಂಗಳುಗಟ್ಟಲೆ ಹೆಣೆದ ಸ್ವೆಟರಿನ ಎದೆಗೆ ಕತ್ತರಿ. ಹೆಣಿಗೆಯ ಒಂದು ದಾರ ತುಂಡಾದರೆ ಪೂರ್ತಿ ಬಿಚ್ಚಿಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಇಲ್ಲಿ ಹಾಗಾಗುವುದಿಲ್ಲ. ಶೆಟ್ಲೆಂಡ್ ಕುರಿಯ ಉಣ್ಣೆಯಲ್ಲಿ ಸಣ್ಣ ನವಿರು ಬಹಳ, ಎಳೆಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಕತ್ತರಿಸಿದ ಅಂಚನ್ನು ಒಳಕ್ಕೆ ಮಡಚಿ ಹೊಲಿದುಬಿಟ್ಟರೆ ಮುಗಿಯಿತು. ಹತ್ತಿ ದಾರದಲ್ಲೋ ರೇಷ್ಮೆಯಲ್ಲೋ ಈ ಧೈರ್ಯ ಮಾಡಿದರೆ ಎಲ್ಲ ಜಾರಿಹೋಗುತ್ತದೆ. ಹೊಲಿಗೆ ಎಂಬ ಅರ್ಥದ, ಮುಚ್ಚು ಎಂಬ ಅರ್ಥದ ಪದವೇ ಇಲ್ಲಿ ಕತ್ತರಿಸಿ ತೆರೆಯುವ ಜಾಗಕ್ಕೆ ಹೆಸರಾಗಿ ಕೂತಿದೆ. ಅಮ್ಮಿಗೆ ಇದನ್ನು ವಿವರಿಸಿದಾಗ ಅವರು ಮಷೀನು ನಿಲ್ಲಿಸಿ, "ಮೊದಲು ಎರಡು ಕಡೆ ಬಖಿಯಾ ಹಾಕಿ ಆಮೇಲೆ ಕತ್ತರಿಸ್ತಾರೇನು?" ಎಂದು ಕೇಳಿದರು. ಕೆಲವರು ಹಾಗೆ ಹೊಲಿಗೆ ಹಾಕಿಕೊಂಡೇ ಕತ್ತರಿಸುತ್ತಾರೆ ಎಂದು ನಾನು ಆಗಷ್ಟೇ ಓದಿದ್ದೆ. ಹತ್ತನೇ ತರಗತಿ ದಾಟದ ಅಮ್ಮಿಗೆ ಪುಸ್ತಕವಿಲ್ಲದೆ ಅದು ಹೊಳೆಯಿತು.

ಆ ಹೆಂಗಸರು ಬೆನ್ನಿನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುವಾಗಲೂ ಹೆಣೆಯುತ್ತಿದ್ದರು. ಸೊಂಟಕ್ಕೆ ಚರ್ಮದ ಪಟ್ಟಿ, ಅದರಲ್ಲಿ ಕುದುರೆ ಕೂದಲು ತುಂಬಿದ ತೂತುಗಳ ಮೆತ್ತೆ, ಆ ತೂತಿಗೆ ಕಡ್ಡಿಯ ತುದಿ ಚುಚ್ಚಿಟ್ಟರೆ ಒಂದು ಕೈ ಬಿಡುವಾಗುತ್ತದೆ. ಹೆಣೆದದ್ದನ್ನು ಲರ್ವಿಕ್ ಪಟ್ಟಣದ ವ್ಯಾಪಾರಿಗೆ ಕೊಟ್ಟರೆ ಆತ ಹಣ ಕೊಡುತ್ತಿರಲಿಲ್ಲ. ಚಹಾಪುಡಿ, ಬಟ್ಟೆ, ಅಥವಾ ತನ್ನದೇ ಅಂಗಡಿಯಲ್ಲಿ ನಡೆಯುವ ಚೀಟಿ ಕೊಡುತ್ತಿದ್ದ. ಮನೆಯಲ್ಲಿ ಹಿಟ್ಟು ಬೇಕಿದ್ದವಳು ಆ ಚಹಾಪುಡಿಯನ್ನು ಯಾರಿಗೋ ಕೊಟ್ಟು ಹಿಟ್ಟು ತರಬೇಕು. ಇದಕ್ಕೆ ಟ್ರಕ್ ಪದ್ಧತಿ ಎಂದು ಹೆಸರು. ಲಾರಿಗೂ ಇದಕ್ಕೂ ಸಂಬಂಧವಿಲ್ಲ, ವಿನಿಮಯ ಎಂಬ ಫ್ರೆಂಚ್ ಪದದಿಂದ ಬಂದದ್ದು. 1872ರಲ್ಲಿ ಬ್ರಿಟಿಷ್ ಸರ್ಕಾರದ ಆಯೋಗ ಶೆಟ್ಲೆಂಡಿನ ಈ ಪದ್ಧತಿಯ ಬಗ್ಗೆ ವರದಿ ಕೊಟ್ಟಿತು. ಹೆಣೆಯುವ ಹೆಂಗಸರೇ ಬಂದು ಸಾಕ್ಷಿ ಹೇಳಿದ್ದರು.

ಇದನ್ನು ಓದಿ ಮುಗಿಸಿದ ದಿನ ನಾನು ಅಮ್ಮಿಯ ಲೆಕ್ಕ ಬರೆಯಲು ಕೂತೆ. ಅಮ್ಮಿ ಒಂದು ಬಟ್ಟೆ ಅಂಗಡಿಯಿಂದ ಸೀರೆಗಳನ್ನು ತಂದು ಫಾಲ್, ಜಿಗ್‌ಜಾಗ್ ಮಾಡಿಕೊಡುತ್ತಾರೆ. ಸೀರೆಗೆ 35 ರೂಪಾಯಿ. ಫಾಲ್ ಬಟ್ಟೆ ಅಂಗಡಿಯದು, ದಾರ ನಮ್ಮದು. ಆ ತಿಂಗಳು 64 ಸೀರೆ, 2,240 ರೂಪಾಯಿ ಆಗಬೇಕು. ಕೈಗೆ ಬಂದದ್ದು 1,000. ಉಳಿದದ್ದಕ್ಕೆ ತಲಾ 620 ರೂಪಾಯಿ ಎಂದು ಹೇಳಿ ಎರಡು ಚೂಡಿದಾರ್ ಪೀಸು 'ಅಡ್ಜಸ್ಟ್' ಮಾಡಿದ್ದರು. ಅಂಗಡಿಯಲ್ಲಿ ಎರಡು ವರ್ಷ ಮಾರಾಟವಾಗದೆ ಉಳಿದ ಬಣ್ಣ ಅದು ಎಂದು ನೋಡಿದರೇ ಗೊತ್ತಾಗುತ್ತಿತ್ತು. ನಮ್ಮ ಮನೆಯಲ್ಲಿ ಅಂಥ ಪೀಸುಗಳು ಬೀರುವಿನ ಒಂದು ಖಾನೆ ತುಂಬಾ ಇವೆ. ಗ್ಯಾಸ್ ಸಿಲಿಂಡರಿನವನು ಚೂಡಿದಾರ್ ಪೀಸು ತೆಗೆದುಕೊಳ್ಳುವುದಿಲ್ಲ. ಬಾರ್ಟರ್ ಪದ್ಧತಿಯ ತೊಂದರೆಗಳು ಎಂದು ಐದು ಅಂಕದ ಪ್ರಶ್ನೆಗೆ ನಾವು ಬರೆಯುವ ಉತ್ತರವೆಲ್ಲ ಆ ಖಾನೆಯಲ್ಲಿ ಮಡಚಿಟ್ಟಿದೆ.

ನಾನು ಆರು ತಿಂಗಳ ಲೆಕ್ಕವನ್ನು ಎರಡು ಕಾಲಮ್ಮಿನಲ್ಲಿ, ದಿನಾಂಕ ಸಮೇತ ಬರೆದೆ. "ಕೈಕು ಲಿಖ್ರೀ ಯೇ ಸಬ್?" ಎಂದರು ಅಮ್ಮಿ, ಇದನ್ನೆಲ್ಲ ಯಾಕೆ ಬರೆಯುತ್ತಿದ್ದೀಯ ಎಂದು. ಕೆಲಸ ಹೋದರೆ ಏನು ಮಾಡುವುದು ಎಂಬ ಭಯ ಅವರಿಗೆ. ದಾದಿ ಮೂಲೆಯಿಂದ "ಮೂಂ ಸೀಕೊ ಬೈಠ್" ಎಂದು ನನಗೆ ಹೇಳಿದರು. ನಾನು ಸುಮ್ಮನಾದೆ. ಆದರೆ ಪುಸ್ತಕ ಮಷೀನಿನ ಡ್ರಾಯರಿನಲ್ಲಿ, ಬಾಬಿನ್‌ಗಳ ಪಕ್ಕದಲ್ಲೇ ಇತ್ತು. ಹತ್ತು ದಿನದ ನಂತರ ಸೀರೆ ಗಂಟಿನ ಜೊತೆ ಆ ಪುಸ್ತಕವನ್ನೂ ಅಮ್ಮಿ ಅಂಗಡಿಗೆ ತೆಗೆದುಕೊಂಡು ಹೋದದ್ದು ಅವರು ಬಂದು ಹೇಳಿದಾಗಲೇ ನನಗೆ ಗೊತ್ತು. ಅಂಗಡಿಯವರು ಪುಟ ತಿರುವಿ ನಕ್ಕರಂತೆ, ಮಗಳು ಸಿಎ ಓದ್ತಾಳಾ ಎಂದರಂತೆ. ಆ ತಿಂಗಳಿನಿಂದ ಪೂರ್ತಿ ನಗದು ಕೊಡುತ್ತಿದ್ದಾರೆ. ಸೀರೆಗಳ ಸಂಖ್ಯೆ ಮಾತ್ರ 64ರಿಂದ 40ಕ್ಕೆ ಇಳಿದಿದೆ. ಲೆಕ್ಕ ಹಾಕಿದರೆ 1,400 ರೂಪಾಯಿ, ಹಳೆಯ ನಗದಿಗಿಂತ 400 ಹೆಚ್ಚು, ಕೆಲಸ ಕಡಿಮೆ. ಆದರೂ ಅಮ್ಮಿ ಆ 24 ಸೀರೆ ಯಾರ ಮನೆಗೆ ಹೋಗುತ್ತಿವೆ ಎಂದು ಯೋಚಿಸುತ್ತಾರೆ. ಹಿಂದಿನ ಗಲ್ಲಿಯ ಒಬ್ಬ ವಿಧವೆಗೆ ಹೋಗುತ್ತಿವೆ ಎಂದು ಕಳೆದ ವಾರ ಗೊತ್ತಾಯಿತು. ಅವರಿಗೆ ಚೂಡಿದಾರ್ ಪೀಸೇ ಸಿಗುತ್ತಿದೆಯಂತೆ. ಅಮ್ಮಿ ನನ್ನನ್ನು ಕರೆದು, ಇನ್ನೊಂದು ಪುಸ್ತಕಕ್ಕೆ ಗೆರೆ ಹಾಕಿಕೊಡು ಎಂದರು.

ಮೇಡಂ ಕೊಟ್ಟ ನಾಲ್ಕು ಪುಟ ಈಗಲೂ ನನ್ನ ಬಳಿ ಇವೆ, ಬೇಕಾದವರು ಓದಬಹುದು. ಜೊತೆಗೆ ಒಂದು ಕೋರಿಕೆ. ನಿಮ್ಮ ಮನೆಗಳಲ್ಲಿ ಹೊಲಿಗೆಗೆ, ತುರ್ಪಾಯಿಗೆ, ರಫೂಗೆ, ಕಚ್ಚಾ ಹೊಲಿಗೆಗೆ ಏನೇನು ಹೆಸರಿದೆ ಎಂದು ದಾದಿ, ನಾನಿ, ಅಜ್ಜಿಯರನ್ನು ಕೇಳಿ ಬರೆದುಕೊಡಿ. ಬ್ಯಾರಿ, ತುಳು, ಲಂಬಾಣಿ, ಮರಾಠಿ, ಯಾವುದಾದರೂ ಸರಿ. ಇದುವರೆಗೆ 23 ಸಿಕ್ಕಿವೆ. ಕಾಮರ್ಸ್ ಬಿ ಸೆಕ್ಷನ್, ಕಿಟಕಿಯ ಪಕ್ಕದ ಮೂರನೇ ಬೆಂಚು.